ಒಂದೇ ವೇಳೆಯ ಎರಡು ಸಾಲುಗಳು



ಈ ಮಾಸಪತ್ರಿಕೆಯನ್ನು ನಾನು ಮೊದಲು ಕಂಡದ್ದು ಹೊಸಪೇಟೆಯಲ್ಲಿ, ಶ್ರೀಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಪ್ರೌಢಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ. ಅಂದು ಇದರಲ್ಲಿ ಹಿರಿಯರ ಲೇಖನಗಳನ್ನು ಓದುತ್ತಿದ್ದವನು ಇಂದು ನಾನೇ ಲೇಖನಿ ಹಿಡಿದಿದ್ದೇನೆ. ಬರೆಯಹೊರಟಿರುವುದು ಕಂಪ್ಯೂಟರಿನ ಗರ್ಭದಲ್ಲಿ ನಡೆಯುವ ಒಂದು ಲೆಕ್ಕದ ವಿಚಾರ. ವಿಷಯವನ್ನು ಕೇಳಿದೊಡನೆ ತಾವು ಪುಟ ಮಗುಚಬಾರದೆಂದು ಬೇಡುತ್ತೇನೆ. ಏಕೆಂದರೆ ಇದು ನಮ್ಮ ತಂದೆಯವರು ಬರೆಯುತ್ತಿದ್ದ ಒಂದು ರಿಜಿಸ್ಟರಿನ ಕಥೆಯೂ ಹೌದು. ನನಗೆ ಇವೆರಡೂ ಬೇರೆ ಬೇರೆಯೆಂದು ಈಗ ತೋರುತ್ತಿಲ್ಲ.

ತಂದೆಯವರು ನಮ್ಮ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಗುಮಾಸ್ತರಾಗಿದ್ದರು. ತುಂಗಭದ್ರೆಯ ಕಾಲುವೆಯ ನೀರುಂಡ ಕಂಪ್ಲಿಯ ಕಡೆಯ ಕಬ್ಬು ಹಂಗಾಮಿನಲ್ಲಿ ಹಗಲಿರುಳೆನ್ನದೆ ಬರುತ್ತಿತ್ತು. ಎತ್ತಿನ ಗಾಡಿಗಳು ರಸ್ತೆಯ ಮಗ್ಗುಲಲ್ಲಿ ಮೈಲಿಯುದ್ದ ನಿಂತಿರುತ್ತಿದ್ದವು. ಗಾಡಿ ಕಾಟಾದ ಮೇಲೆ ಬಂದೊಡನೆ ಅಪ್ಪ ರಿಜಿಸ್ಟರಿನಲ್ಲಿ ಗಾಡಿಯ ನಂಬರು, ರೈತನ ಹೆಸರು, ವೇಳೆ, ತೂಕ, ಇಷ್ಟನ್ನು ಬರೆದು ಚೀಟಿ ಹರಿದು ಕೊಡಬೇಕು. ದಿನಕ್ಕೆ ಮುನ್ನೂರು ಸಾಲುಗಳಾದರೂ ಆಗುತ್ತಿದ್ದವು. ಗೋಡೆಯ ಗಡಿಯಾರ ಅವರ ಬೆನ್ನ ಹಿಂದಿತ್ತು. ಪ್ರತಿ ಸಾಲಿಗೂ ತಿರುಗಿ ನೋಡುವುದು ಸಾಧ್ಯವಿರಲಿಲ್ಲವಾಗಿ, ಮೇಲಿನ ಸಾಲಿನ ವೇಳೆಗೆ ಎರಡೋ ಮೂರೋ ನಿಮಿಷ ಕೂಡಿಸಿ ಬರೆದುಬಿಡುತ್ತಿದ್ದರು. ಅನುಭವದ ಕೈ, ಸಾಮಾನ್ಯವಾಗಿ ಸರಿಹೋಗುತ್ತಿತ್ತು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಒಂದು ಮಧ್ಯಾಹ್ನ ಎತ್ತಿನ ಗಾಡಿಯೊಂದು ಕಾಟಾಕ್ಕೆ ಬಂದಿತು. ಅಪ್ಪ ನಂಬರು ಬರೆದು, 3-50 ಎಂದು ವೇಳೆಯನ್ನೂ ಬರೆದರು. ತೂಕ ಬರೆಯಬೇಕೆನ್ನುವಷ್ಟರಲ್ಲಿ ಒಳಗಿನಿಂದ ಕರೆ ಬಂದಿತು. ಹೋದರು. ಅಲ್ಲಿ ಎಷ್ಟು ಹೊತ್ತಾಯಿತೋ ಅವರಿಗೇ ತಿಳಿಯದು. ತಿರುಗಿ ಬರುವಷ್ಟರಲ್ಲಿ ಆ ಗಾಡಿ ಅಂಗಳಕ್ಕೆ ಸರಿದಿತ್ತು. ಕಾಟಾದ ಮೇಲೆ ಒಂದು ಟ್ರ್ಯಾಕ್ಟರು ನಿಂತು ಅದರ ಚಾಲಕ ಕೂಗಾಡುತ್ತಿದ್ದ. ಅಪ್ಪ ಅವಸರದಲ್ಲಿ ಕೆಳಗಿನ ಸಾಲಿನಲ್ಲಿ ಟ್ರ್ಯಾಕ್ಟರಿನ ನಂಬರು ಬರೆದು, ಮೇಲಿನ ಸಾಲನ್ನು ಕಣ್ಣಾಡಿಸಿ, ಅದಕ್ಕೂ 3-50 ಎಂದೇ ಬರೆದರು. ಬಳಿಕ ಮೇಲಿನ ಸಾಲಿನ ತೂಕವನ್ನು ತುಂಬಿದರು.

ನಾಲ್ಕು ಗಂಟೆಗೆ ಪಾಳಿಯ ಸೈರನ್ನು ಕೂಗಿದ ಹೊತ್ತಿನಲ್ಲಿ, ಅಂಗಳದಲ್ಲಿ ಕೊಳ್ಳು ಬಿಟ್ಟು ನಿಲ್ಲಿಸಿದ್ದ ಒಂದು ಎತ್ತಿಗೆ ಟ್ರ್ಯಾಕ್ಟರಿನ ಟ್ರೇಲರು ಹಾಯ್ದು ಎತ್ತು ಸತ್ತುಹೋಗಿತ್ತು. ಸೈರನ್ನಿನ ಹೊತ್ತೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಎತ್ತಿನ ಒಡೆಯನಾದ ರೈತ ಇದೇ ಟ್ರ್ಯಾಕ್ಟರು, ಕಾಟಾಕ್ಕೆ ಬರುವ ಮೊದಲು ಹಿಂದಕ್ಕೆ ಸರಿಯುವಾಗ ಹಾಯ್ದಿತು ಎಂದ. ಚಾಲಕ ತಾನು 3-50ಕ್ಕೇ ತೂಗಿಸಿ ಒಳಗೆ ಹೋಗಿದ್ದೆ, ಸೈರನ್ನು ಕೂಗಿದಾಗ ಕಬ್ಬು ಇಳಿಸುತ್ತಿದ್ದೆ ಎಂದ. ವಿಚಾರಣೆಗೆ ರಿಜಿಸ್ಟರನ್ನು ತರಿಸಿದರು. ರಿಜಿಸ್ಟರು ಚಾಲಕನ ಪಕ್ಷವನ್ನೇ ಹಿಡಿಯಿತು.

ಅಪ್ಪನನ್ನು ಕರೆದು ಕೇಳಿದರಂತೆ: ಈ ಸಾಲಿನ ವೇಳೆಯನ್ನು ಗಡಿಯಾರ ನೋಡಿ ಬರೆದಿರೋ? ಇಲ್ಲವೆಂದರೆ ಉಳಿದ ಮುನ್ನೂರು ಸಾಲುಗಳ ಗತಿಯೇನೆಂಬ ಪ್ರಶ್ನೆ ಏಳುತ್ತಿತ್ತು. ನಾಲ್ಕು ಮಕ್ಕಳ ತಂದೆ. ಹಂಗಾಮಿ ನೌಕರಿ ಖಾಯಮ್ಮಾಗಿ ಇನ್ನೂ ಎರಡು ವರ್ಷ ಕಳೆದಿರಲಿಲ್ಲ. ರಿಜಿಸ್ಟರು ಸರಿಯಿದೆ ಎಂದರು. ರೈತನಿಗೆ ಪರಿಹಾರ ಸಿಗಲಿಲ್ಲ.

ಇದನ್ನು ಅವರು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ನಿವೃತ್ತರಾದ ಬಳಿಕ. ಅದನ್ನು ಮುಂದೆ ಹೇಳುತ್ತೇನೆ. ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ.

ಕಂಪ್ಯೂಟರಿನಲ್ಲಿ ಎಲ್ಲ ಕಾರ್ಯಕ್ರಮಗಳಿಗೂ ಅಡಿಯಲ್ಲಿದ್ದು, ಯಾರಿಗೆ ಎಷ್ಟು ಹೊತ್ತು, ಯಾರಿಗೆ ಎಷ್ಟು ಜಾಗವೆಂದು ಹಂಚಿಕೊಡುವ ಮೂಲ ಕಾರ್ಯಕ್ರಮವೊಂದಿರುತ್ತದೆ. ಅದನ್ನು ಕರ್ನೆಲ್ ಎನ್ನುತ್ತಾರೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ತಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಇದೆ. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳುಹಿಸಬಹುದು. ಆದರೆ ಬಲ್ಲವರೊಬ್ಬರು ಆ ತಿದ್ದುಪಡಿಯನ್ನು ಸಾಲು ಸಾಲಾಗಿ ಪರಾಮರ್ಶಿಸಿ, ತಮ್ಮ ಹೆಸರನ್ನು ಅದರ ಕೆಳಗೆ ಬರೆಯುವುದು ವಾಡಿಕೆ. ನಾನು ಬೆಂಗಳೂರಿನಲ್ಲಿ ಉಣ್ಣುತ್ತಿರುವ ಅನ್ನ ಹೆಚ್ಚಾಗಿ ಈ ಪರಾಮರ್ಶೆಯದು.

ಕರ್ನೆಲ್ ಎಲ್ಲಿಯೋ ತಡವರಿಸಿದರೆ, ಕುಸಿದರೆ, ಏನಾಯಿತೆಂದು ತಿಳಿಯುವುದು ಹೇಗೆ? 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಹೊಸಪೇಟೆಯ ಬೀದಿಬೀದಿಯಲ್ಲಿ ಜನ ಕೇಳಿದ್ದು ಇದನ್ನೇ: ಎಷ್ಟು ಹೊತ್ತಿಗೆ, ಯಾವುದು ಮೊದಲು? ಕರ್ನೆಲ್‌ನ ಒಳಗೂ ಅಂಥ ಒಂದು ದಿನಚರಿ ಬರೆಯುವ ಏರ್ಪಾಡಿದೆ. ಎಫ್‌ಟ್ರೇಸ್ ಎಂಬ ಈ ಏರ್ಪಾಡು 2008ರಲ್ಲಿ ಲಿನಕ್ಸಿನಲ್ಲಿ ಸೇರಿತು. ಅದರ ಮುಖ್ಯ ಕರ್ತೃ ಸ್ಟೀವನ್ ರೊಸ್ಟೆಟ್. (ಅದಕ್ಕೂ ಮೊದಲೇ, 2004ರಲ್ಲಿ, ಓಡುತ್ತಿರುವ ಕರ್ನೆಲ್‌ನ ಬೇಕಾದ ಹೆಜ್ಜೆಯಲ್ಲಿ ಇಣುಕಿ ನೋಡುವ ಕೆಪ್ರೋಬ್ಸ್ ಎಂಬ ಸಾಧನ ಸೇರಿತ್ತು. ಅದರ ರಚನೆಯಲ್ಲಿ ಬೆಂಗಳೂರಿನ ಐಬಿಎಂ ಸಂಸ್ಥೆಯ ಇಂಜಿನಿಯರುಗಳ ಕೈಯಿತ್ತೆಂಬುದನ್ನು ಕನ್ನಡ ನಾಡಿನವನಾಗಿ ಹೇಳದೆ ಮುಂದೆ ಹೋಗಲಾರೆ.) ದಿನಚರಿಯ ಪುಟಗಳು ಬಳೆಯಂತೆ ಸುತ್ತಿಕೊಂಡಿರುತ್ತವೆ, ಕೊನೆ ಮುಟ್ಟಿದ ಮೇಲೆ ಹಳೆಯ ಪುಟದ ಮೇಲೆಯೇ ಹೊಸದನ್ನು ಬರೆಯಲಾಗುತ್ತದೆ. ಆದುದರಿಂದ ಇದಕ್ಕೆ ರಿಂಗ್ ಬಫರ್ ಎಂದು ಹೆಸರು.

ಇಲ್ಲಿ ಪ್ರತಿ ಘಟನೆಯ ಸಾಲಿಗೂ ಒಂದು ಕಾಲಮುದ್ರೆ ಬೇಕು. ಪೂರ್ಣ ವೇಳೆಯನ್ನು ಪ್ರತಿ ಸಾಲಿಗೂ ಬರೆಯುತ್ತ ಹೋದರೆ ಜಾಗವೆಲ್ಲ ಅದಕ್ಕೇ ಖರ್ಚಾಗುತ್ತದೆ. ಆದುದರಿಂದ ಪುಟದ ತಲೆಯಲ್ಲಿ ಒಮ್ಮೆ ಪೂರ್ಣ ವೇಳೆಯನ್ನು ಬರೆದು, ಉಳಿದ ಸಾಲುಗಳಲ್ಲಿ ಹಿಂದಿನ ಸಾಲಿಗಿಂತ ಎಷ್ಟು ತಡವೆಂಬುದನ್ನು ಮಾತ್ರ ಬರೆಯುತ್ತಾರೆ. ಅಪ್ಪ ಮೇಲಿನ ಸಾಲಿಗೆ ಎರಡು ನಿಮಿಷ ಕೂಡಿಸುತ್ತಿದ್ದ ಹಾಗೆಯೇ. ಈ ಅಂತರಕ್ಕೆಂದು 27 ಬಿಟ್‌ಗಳ ಜಾಗವಿದೆ. ಸೆಕೆಂಡಿನ ನೂರು ಕೋಟಿಯ ಒಂದು ಭಾಗವಾದ ನ್ಯಾನೋಸೆಕೆಂಡಿನ ಲೆಕ್ಕದಲ್ಲಿ ಅದು ಸುಮಾರು 0.134 ಸೆಕೆಂಡಿನವರೆಗೆ ಸಾಲುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಏನೂ ಘಟಿಸದಿದ್ದರೆ ಮತ್ತೊಂದು ವಿಶೇಷ ಸಾಲನ್ನು ಸೇರಿಸಿ 59 ಬಿಟ್‌ಗಳ ಜಾಗ ಮಾಡಿಕೊಳ್ಳುತ್ತಾರೆ. ಅದು 18 ವರ್ಷಗಳಿಗೂ ಸಾಲುತ್ತದೆ.

ತೊಡಕು ಬರುವುದು ಒಳಗಿನಿಂದ ಕರೆ ಬಂದಾಗ. ಪ್ರೊಸೆಸರು ಒಂದು ಸಾಲನ್ನು ಬರೆಯುತ್ತಿರುವಾಗಲೇ ಯಾವುದೋ ಯಂತ್ರಭಾಗ ತುರ್ತಾಗಿ ಅದನ್ನು ಕರೆಯಬಹುದು. ಆಗ ಅದು ಅರ್ಧ ಸಾಲನ್ನು ಅಲ್ಲಿಗೇ ಬಿಟ್ಟು, ಕರೆದವರ ಕೆಲಸವನ್ನು ಪೂರ್ತಿ ಮುಗಿಸಿ, ಬಳಿಕ ಬಿಟ್ಟಲ್ಲಿಗೆ ಮರಳುತ್ತದೆ. ಆ ನಡುವಣ ಕೆಲಸವೂ ದಿನಚರಿಯಲ್ಲಿ ಸಾಲುಗಳನ್ನು ಬರೆಯಬೇಕಷ್ಟೆ. ಮೇಲಿನ ಸಾಲು ಇನ್ನೂ ಅಪೂರ್ಣ. ಅದರ ವೇಳೆಯನ್ನು ನಂಬಿ ಅಂತರ ಎಣಿಸುವಂತಿಲ್ಲ. 2020ರವರೆಗೆ ಕರ್ನೆಲ್ ಇಂಥ ಕಡೆ ಏನು ಮಾಡುತ್ತಿತ್ತು ಗೊತ್ತೇ? ಅಂತರ ಸೊನ್ನೆಯೆಂದು ಬರೆದುಬಿಡುತ್ತಿತ್ತು. ಅಂದರೆ ನಡುವೆ ಬಂದ ಘಟನೆಗೂ ಅದು ತಡೆದ ಘಟನೆಗೂ ಒಂದೇ ವೇಳೆ. 3-50, ಮತ್ತೆ 3-50.

ಇದನ್ನು ಮೊದಲ ಸಲ ಓದಿದ ದಿನ ನಾನು ಕುರ್ಚಿಯಿಂದೆದ್ದು ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತಿದ್ದೆ.

2020ರಲ್ಲಿ ರೊಸ್ಟೆಟ್ ಅವರು ಇದನ್ನು ತಿದ್ದಿದರು. ತಿದ್ದಿದ ಬಗೆಯನ್ನು ಕಾಟಾದ ಭಾಷೆಯಲ್ಲಿಯೇ ಹೇಳುತ್ತೇನೆ. ಮೇಜಿನ ಮೇಲೆ ಎರಡು ಹಲಗೆಗಳನ್ನಿಡಿ. ಬರೆಯಲು ತೊಡಗುವ ಮೊದಲು ವೇಳೆಯನ್ನು ಮೊದಲ ಹಲಗೆಯ ಮೇಲೆ ಬರೆಯಿರಿ. ರಿಜಿಸ್ಟರಿನಲ್ಲಿ ಜಾಗ ಹಿಡಿದಾದ ಮೇಲೆ ಅದೇ ವೇಳೆಯನ್ನು ಎರಡನೆಯದರ ಮೇಲೂ ಬರೆಯಿರಿ. ಮುಂದೆ ಬರೆಯಲು ಬಂದವನು ಎರಡೂ ಹಲಗೆಗಳನ್ನು ನೋಡಲಿ. ಎರಡೂ ಒಂದೇ ಆಗಿದ್ದರೆ ಹಿಂದಿನವನ ಕೆಲಸ ಮುಗಿದಿದೆ. ಮೇಲಿನ ಸಾಲನ್ನು ನಂಬಿ ಅಂತರ ಬರೆಯಬಹುದು. ಬೇರೆ ಬೇರೆಯಾಗಿದ್ದರೆ ಯಾರೋ ಅರ್ಧಕ್ಕೆ ಎದ್ದುಹೋಗಿದ್ದಾರೆ. ಆಗ ಮೇಲಿನ ಸಾಲನ್ನು ನೋಡಕೂಡದು, ತಿರುಗಿ ಗೋಡೆಯ ಗಡಿಯಾರವನ್ನೇ ನೋಡಿ ಪೂರ್ಣ ವೇಳೆಯನ್ನು ಬರೆಯಬೇಕು. ಇಷ್ಟೇ. ಇಷ್ಟನ್ನು ಬೀಗ ಹಾಕದೆ, ಯಾರನ್ನೂ ಕಾಯಿಸದೆ ಸಾಧಿಸುವುದು ಎಷ್ಟು ಕಷ್ಟವೆಂಬುದು ಬೇರೆ ಮಾತು. ಆ ಬಳಿಕವೂ ಒಂದು ಅತಿ ಕಿರಿದಾದ ಸಂದು ಉಳಿಯಿತು: ಎರಡು ನಿರ್ದಿಷ್ಟ ಹೆಜ್ಜೆಗಳ ನಡುವೆಯೇ ಮತ್ತೊಂದು ಕರೆ ಬಂದರೆ ಹಿಂದಿನ ವೇಳೆ ಕಳೆದುಹೋಗುತ್ತದೆ. ಅಲ್ಲಿ ಈಗಲೂ ಸೊನ್ನೆಯನ್ನೇ ಬರೆಯುತ್ತಾರೆ. ಹಿಂದಿನ ವೇಳೆ ಕಳೆದುಹೋದುದರಿಂದ ಹೀಗೆ ಮಾಡಿದೆವು, ಮುಂದಿನ ಸಾಲುಗಳು ಸರಿಯಾಗಿಯೇ ಇರುತ್ತವೆ ಎಂದು ಅಲ್ಲಿಯೇ ಟಿಪ್ಪಣಿ ಬರೆದಿಟ್ಟಿದ್ದಾರೆ. ಆ ಟಿಪ್ಪಣಿಯ ಪ್ರಾಮಾಣಿಕತೆ ನನಗೆ ಇಡೀ ಕಡತದಲ್ಲಿ ಪ್ರಿಯವಾದುದು.

ಕಳೆದ ಬೇಸಿಗೆಯಲ್ಲಿ ನಾನು ಸಂಡೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹೊರಡುವ ಮುನ್ನಾ ದಿನ ನನ್ನ ಕೈಕೆಳಗೆ ಕೆಲಸ ಮಾಡುವ ಚುರುಕಾದ ಹುಡುಗಿಯೊಬ್ಬಳು ಒಂದು ತಿದ್ದುಪಡಿಯನ್ನು ಪರಾಮರ್ಶೆಗೆಂದು ಕಳುಹಿಸಿದ್ದಳು. ನಮ್ಮಲ್ಲಿ ಕೆಲವು ಯಂತ್ರಗಳು ಇನ್ನೂ 2020ರ ಹಿಂದಿನ ಕರ್ನೆಲ್‌ನಲ್ಲಿಯೇ ನಡೆಯುತ್ತಿದ್ದವು. ಅವುಗಳ ದಿನಚರಿಯಲ್ಲಿ ಒಂದೇ ವೇಳೆಯ ಸಾಲುಗಳು ಗುಂಪುಗುಂಪಾಗಿ ಕಾಣುತ್ತಿದ್ದುದರಿಂದ ಗ್ರಾಹಕರು ಗೊಣಗುತ್ತಿದ್ದರು. ಆಕೆ ಒಂದು ಉಪಾಯ ಮಾಡಿದ್ದಳು: ಸೊನ್ನೆ ಅಂತರದ ಸಾಲುಗಳು ಬಂದಲ್ಲಿ, ಮೇಲಿನ ಮತ್ತು ಕೆಳಗಿನ ಸಾಲುಗಳ ನಡುವಿನ ಹೊತ್ತನ್ನು ಸಮವಾಗಿ ಹಂಚಿ ಅವುಗಳಿಗೆ ಕೊಡುವುದು. ಅಂಗಳದಲ್ಲಿ ಕುಳಿತು ಅದನ್ನು ನೋಡಿದೆ. ಬರವಣಿಗೆ ಅಚ್ಚುಕಟ್ಟಾಗಿತ್ತು. ಫಲಿತಾಂಶವೂ ನೋಡಲು ಸೊಗಸು: ವೇಳೆಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಏರುತ್ತಿದ್ದವು. ಒಪ್ಪಿಗೆಯ ಸಾಲನ್ನು ಬರೆದೂ ಬಿಟ್ಟಿದ್ದೆ, ಕಳುಹಿಸಿರಲಿಲ್ಲ. ಆಗ ಕರೆಂಟು ಹೋಯಿತು.

ಅಕ್ಕನ ಮಗ ಸಂಡೂರಿನ ಬಳಿ ಅದಿರು ತೂಗುವಲ್ಲಿ ಕೆಲಸ ಮಾಡುತ್ತಾನೆ. ಅಜ್ಜನ ಕಸುಬು ಮೊಮ್ಮಗನಿಗೆ ಬಂದಿದೆಯೆಂದು ಅಕ್ಕ ನಗುತ್ತಾಳೆ. ಲಾರಿಯ ತೂಕವನ್ನೂ ವೇಳೆಯನ್ನೂ ಚೀಟಿಯ ಮೇಲೆ ಯಂತ್ರವೇ ಅಚ್ಚು ಮಾಡುತ್ತದೆ. ಅದಿರಿನ ಲಾರಿಗಳ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದು, 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದ ಬಳಿಕ, ಈ ಸೀಮೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಕತ್ತಲಲ್ಲಿ ಕುಳಿತು ನಾನು ಅವನಿಗೆ ತಾತನ ಎರಡು ಸಾಲುಗಳ ಕಥೆ ಹೇಳಿದೆ. “ಈಗ ಹಂಗಾಗಂಗಿಲ್ಲ ಮಾಮ, ಯಂತ್ರಕ್ಕ ಮರೆವಿಲ್ಲ” ಎಂದ. ನನ್ನ ಮೊಣಕಾಲ ಮೇಲೆ ಮುಚ್ಚಿಟ್ಟ ಲ್ಯಾಪ್‌ಟಾಪಿನಲ್ಲಿ ಯಂತ್ರದ ಮರೆವಿಗೆ ಬಣ್ಣ ಬಳಿಯುವ ಒಂದು ತಿದ್ದುಪಡಿ ನನ್ನ ಒಪ್ಪಿಗೆಗಾಗಿ ಕಾಯುತ್ತಿತ್ತು.

ಮರುದಿನ ಅವನನ್ನು ಕರೆದುಕೊಂಡು ಹಂಪಿಗೆ ಹೋದೆ. ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಶಿಲಾಶಾಸನವಿದೆ. ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇದೆ. ಆತನ ಪಟ್ಟಾಭಿಷೇಕದ ಸಂದರ್ಭದ್ದು, ದೇವರಿಗೆ ಸಿಂಗಿನಾಯಕನಹಳ್ಳಿಯನ್ನು ಬಿಟ್ಟದ್ದು, ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದ್ದು ಅದರಲ್ಲಿದೆ. ಇ. ಹುಲ್ಟ್ಜ್ ಎಂಬ ವಿದ್ವಾಂಸರು 1892ರಲ್ಲಿ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಅದನ್ನು ಪ್ರಕಟಿಸಿದರು. ಶಾಸನದ ಕಾಲಮುದ್ರೆ ಹೀಗಿದೆ: ಶಕ ವರ್ಷ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ. ಆದರೆ ಪಂಚಾಂಗದ ಗಣಿತದಂತೆ ಶುಕ್ಲ ಸಂವತ್ಸರಕ್ಕೆ ಸಲ್ಲುವುದು ಶಕ 1431. ಎರಡರಲ್ಲಿ ಯಾವುದು ಸರಿ? ಕಳೆದ ವರ್ಷಗಳನ್ನು ಎಣಿಸುವ ರೂಢಿ ಒಂದು, ನಡೆಯುವ ವರ್ಷವನ್ನು ಎಣಿಸುವ ರೂಢಿ ಇನ್ನೊಂದು. ಹಳೆಯ ಶಾಸನಗಳಲ್ಲಿ ಈ ಕಾರಣದಿಂದ ಒಂದು ವರ್ಷ ಜಾರುವುದು ಅಪರೂಪವೇನಲ್ಲ. ಬಳ್ಳಾರಿಯಲ್ಲಿ ಅಧಿಕಾರಿಯಾಗಿದ್ದು, 1896ರಲ್ಲಿ ಶಂಕರ ಬಾಲಕೃಷ್ಣ ದೀಕ್ಷಿತರೊಡನೆ ಭಾರತೀಯ ಕಾಲಗಣನೆಯ ಕೋಷ್ಟಕಗಳನ್ನು ಪ್ರಕಟಿಸಿದ ರಾಬರ್ಟ್ ಸಿವೆಲ್ಲರು ಸಂವತ್ಸರವನ್ನು ನಂಬಿ ಇದನ್ನು 1510ರ ಜನವರಿಗೆ ಇಟ್ಟರು. ವರ್ಷದ ಅಂಕೆಗಿಂತ ಹೆಸರನ್ನು ಬರೆಯುವಾಗ ಕೈ ತಪ್ಪುವುದು ಕಡಿಮೆ.

ಅಳಿಯ ಕೇಳಿದ, “ಹಂಗಾದರ ಹೆಸರಷ್ಟ ಬರೆದಿದ್ರ ಸಾಕಾಗಿತ್ತಲ್ಲ?” ಸಾಕಾಗುತ್ತಿರಲಿಲ್ಲ. ಸಂವತ್ಸರದ ಚಕ್ರ ಅರವತ್ತು ವರ್ಷಗಳದು. 1509ರಲ್ಲಿ ಮೊದಲಾದ ಶುಕ್ಲ 1569ರಲ್ಲಿ ಮತ್ತೆ ಬಂದಿತು. ಅಷ್ಟರಲ್ಲಿ 1565ರ ಯುದ್ಧ ಮುಗಿದು ಈ ಪಟ್ಟಣ ಹಾಳುಬಿದ್ದಿತ್ತು. ಬರಿಯ ಶುಕ್ಲವೆಂದು ಬರೆದ ಕಲ್ಲೊಂದು ಸಿಕ್ಕಿದ್ದರೆ, ಅದು ಸಾಮ್ರಾಜ್ಯದ ಏರಿನದೋ ಪತನದ ಬಳಿಕದ್ದೋ ಹೇಳುವುದಕ್ಕೆ ಬೇರೆ ಆಧಾರ ಬೇಕು. ಕರ್ನೆಲ್‌ನಲ್ಲಿಯೂ ಇದೇ ಆಯಿತು. ನಾನು ಹೇಳಿದ ಪೂರ್ಣ ವೇಳೆಯ ಸಾಲಿನಲ್ಲಿ ಇರುವುದು 59 ಬಿಟ್‌ಗಳು. ಅಂದರೆ ಅದೂ 18 ವರ್ಷಗಳ ಒಂದು ಚಕ್ರ. ಯಂತ್ರ ಹೊತ್ತಿದಂದಿನಿಂದ ಎಣಿಸುವ ಗಡಿಯಾರಗಳಿಗೆ ಅದು ಧಾರಾಳ. 2022ರಲ್ಲಿ 1970ರಿಂದ ಎಣಿಸುವ ಅಂತರರಾಷ್ಟ್ರೀಯ ಪರಮಾಣು ಕಾಲವನ್ನು ಬಳಸಹೊರಟಾಗ ಚಕ್ರ ಸಾಲದೆ ಹೋಯಿತು. ಆಗ ಮಾಡಿದ ಪರಿಹಾರ ನಮ್ಮ ಶಾಸನತಜ್ಞರದೇ: ಹಿಂದೆ ಸಿಕ್ಕಿದ ಪೂರ್ಣ ವೇಳೆಯೊಂದನ್ನು ಕೈಯಲ್ಲಿಟ್ಟುಕೊಂಡು, ಇದು ಅದರ ಬಳಿಕದ್ದಾಗಿರಲೇಬೇಕಾದುದರಿಂದ ಯಾವ ಚಕ್ರಕ್ಕೆ ಸೇರಿದ್ದೆಂದು ತೀರ್ಮಾನಿಸುವುದು. ಹಿಂದಿನದಕ್ಕಿಂತ ಕಡಿಮೆಯಾಗಿ ಕಂಡರೆ ಒಂದು ಚಕ್ರ ಕೂಡಿಸುವುದು.

ವಾಚಕರೇ, ಆ ಕಲ್ಲಿನ ಮುಂದೆ ನಿಂತಾಗ ನನಗೊಂದು ಸಂಗತಿ ಸ್ಪಷ್ಟವಾಯಿತು. ಆ ಶಾಸನದ ಹೊಂದದ ಎರಡು ಅಂಕಗಳನ್ನು ಐನೂರು ವರ್ಷಗಳಲ್ಲಿ ಯಾರೂ ಉಳಿ ಹಿಡಿದು ಹೊಂದಿಸಲಿಲ್ಲ. ಹಾಗೇ ಬಿಟ್ಟರು. ಆದುದರಿಂದಲೇ ವಿದ್ವಾಂಸರಿಗೆ ತಪ್ಪು ಕಂಡಿತು. ಕಂಡುದರಿಂದಲೇ ನಿಜದ ದಿನ ಸಿಕ್ಕಿತು. ಮಧ್ಯೆ ಯಾರಾದರೂ ಬುದ್ಧಿವಂತರು 1430ನ್ನು ಹಾಗೇ ಉಳಿಸಿ, ಸಂವತ್ಸರವನ್ನು ಒಪ್ಪವಾಗಿ ವಿಭವವೆಂದು ತಿದ್ದಿದ್ದರೆ ಎಲ್ಲವೂ ಹೊಂದುತ್ತಿತ್ತು, ಎಲ್ಲವೂ ತಪ್ಪಾಗಿರುತ್ತಿತ್ತು. ನಮ್ಮ ಹುಡುಗಿಯ ತಿದ್ದುಪಡಿ ಆ ಬಗೆಯದು. ಒಂದೇ ವೇಳೆಯ ಎರಡು ಸಾಲುಗಳನ್ನು ಕಂಡವನಿಗೆ ಇಲ್ಲಿ ಏನೋ ನಡೆದಿದೆಯೆಂಬ ಸಂಶಯವಾದರೂ ಹುಟ್ಟುತ್ತದೆ. ಅಪ್ಪನ ವಿಚಾರಣೆಯಲ್ಲಿಯೂ ಅದನ್ನು ಕಂಡೇ ಪ್ರಶ್ನೆ ಕೇಳಿದ್ದು. ಉತ್ತರ ಹೇಳಬೇಕಾದವರು ಹೇಳಲಿಲ್ಲ, ಅದು ಬೇರೆ. ಅಲ್ಲಿ 3-50, 3-52 ಎಂದಿದ್ದರೆ ಪ್ರಶ್ನೆಯೂ ಏಳುತ್ತಿರಲಿಲ್ಲ.

ಹೊಸಪೇಟೆಗೆ ಬಂದು, ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಫೋನಿನಲ್ಲಿ ಆಕೆಯೊಡನೆ ಮಾತನಾಡಿದೆ. 2020ರ ತಿದ್ದುಪಡಿಯನ್ನು ಹಳೆಯ ಕರ್ನೆಲ್‌ಗೆ ಹೊಂದಿಸಿ ತರಬೇಕು, ಕೆಲಸ ಹೆಚ್ಚಾದರೂ ಚಿಂತೆಯಿಲ್ಲ. ಅದಾದ ಮೇಲೂ ಸೊನ್ನೆ ಉಳಿದಲ್ಲಿ ಸೊನ್ನೆಯನ್ನೇ ತೋರಿಸಬೇಕು, ಪಕ್ಕದಲ್ಲಿ ಒಂದು ಗುರುತು ಹಾಕಬೇಕು ಎಂದೆ. “ಸರ್, ಗ್ರಾಹಕರಿಗೆ ಅಂದವಾಗಿ ಕಾಣುವುದಿಲ್ಲ” ಎಂದಳು. ಕಾಣದಿರಲಿ ಎಂದೆ. ಸ್ವಲ್ಪ ಗಡುಸಾಗಿ ಹೇಳಿದೆನೇನೋ. ಮರುದಿನ ಕ್ಷಮೆ ಕೇಳಿ ಕಾರಣವನ್ನು ವಿವರವಾಗಿ ಬರೆದೆ, ಎತ್ತಿನ ಕಥೆಯನ್ನೂ ಸೇರಿಸಿ. ಎರಡು ವಾರಗಳಲ್ಲಿ ಹೊಸ ತಿದ್ದುಪಡಿ ಬಂದಿತು. ಅದರಲ್ಲಿ ನಾನು ಹೇಳದ ಒಂದು ಪರೀಕ್ಷೆಯನ್ನೂ ಆಕೆ ಸೇರಿಸಿದ್ದಳು: ಒಂದರೊಳಗೊಂದು ಮೂರು ಕರೆಗಳನ್ನು ಬೇಕೆಂದೇ ಎಬ್ಬಿಸಿ, ಯಾವ ಸಾಲಿನ ವೇಳೆಯೂ ಹಿಂದಕ್ಕೆ ಹೋಗುವುದಿಲ್ಲವೆಂದು ಖಚಿತಪಡಿಸುವುದು. ಗುರುತಿಗೆ ಯಾವ ಚಿಹ್ನೆ ಬೇಕೆಂದು ಕೇಳಿದ್ದಳು. ಚುಕ್ಕೆ ಸಾಕೆಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.

ಚುಕ್ಕೆ ನನ್ನ ಕಲ್ಪನೆಯಲ್ಲ. ಆ ಹಂಗಾಮು ಮುಗಿದ ಮೇಲೆ, ಯುಗಾದಿಯ ಹಿಂದುಮುಂದಿನಲ್ಲಿ, ಅಪ್ಪ ಸೈಕಲ್ಲಿನ ಮೇಲೆ ಕಂಪ್ಲಿಯ ಕಡೆಯ ಆ ರೈತನ ಊರಿಗೆ ಹೋಗಿದ್ದರಂತೆ, ಜೇಬಿನಲ್ಲಿ ಇನ್ನೂರು ರೂಪಾಯಿ ಇಟ್ಟುಕೊಂಡು. ಆತ ಹಣ ಮುಟ್ಟಲಿಲ್ಲ. ಕೂಡ್ರಿಸಿ ಮಜ್ಜಿಗೆ ಕೊಟ್ಟು, “ಆ ಹೊತ್ತು ಮೂರು ಐವತ್ತಲ್ಲಂತ ನಿಮಗೂ ಗೊತ್ತಿತ್ತಲ್ರೀ?” ಎಂದಷ್ಟೇ ಕೇಳಿದನಂತೆ. ಮುಂದಿನ ಹಂಗಾಮಿನಿಂದ ಅಪ್ಪ, ಗಡಿಯಾರ ನೋಡದೆ ಬರೆದ ಪ್ರತಿ ವೇಳೆಯ ಹಿಂದೆ ಕೆಂಪು ಮಸಿಯಲ್ಲಿ ಒಂದು ಚುಕ್ಕೆ ಇಡತೊಡಗಿದರು. ಮೇಲಿನವರು ಏನಿದು ಎಂದು ಕೇಳಿದಾಗ ಹೇಳಿದರು, ಬೈಸಿಕೊಂಡರು, ಇಡುವುದನ್ನು ಬಿಡಲಿಲ್ಲ. ಒಂದು ವರ್ಷದೊಳಗೆ ಗೋಡೆಯ ಗಡಿಯಾರವನ್ನು ಅವರ ಎದುರಿಗೆ ತಂದು ಹಾಕಿದರು. ಆ ಹಳೆಯ ರಿಜಿಸ್ಟರಿನ ಸಾಲಿಗೆ ಮಾತ್ರ ಚುಕ್ಕೆ ಇಡಲಾಗಲಿಲ್ಲವೆಂದು ಅಪ್ಪ ಹೇಳುತ್ತಿದ್ದರು. ವಿಚಾರಣೆಗೆಂದು ಒಯ್ದ ರಿಜಿಸ್ಟರು ಕಾಟಾಕ್ಕೆ ಹಿಂದಿರುಗಿ ಬರಲಿಲ್ಲ.